ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಅಪರಾಧ, ಊಟ, ಆರೋಗ್ಯದ ಪದಗಳು

ಮನೆಯಲ್ಲೇ ಕೂತು ವಿಡಿಯೊ ಕರೆಯಲ್ಲಿ ಹೊರದೇಶದವರಿಗೆ ಇಂಗ್ಲಿಷ್ ಕಲಿಸುವ ಕನ್ನಡಿಗರು ಈಗ ಸಾಕಷ್ಟು ಜನ ಇದ್ದಾರೆ. ನಾನೂ ಅದೇ ಕೆಲಸ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳು ಸ್ಪೇನ್, ಮೆಕ್ಸಿಕೊ, ಕೊಲಂಬಿಯಾದವರು. ಮೆಕ್ಸಿಕೊ ಸಿಟಿಯಲ್ಲಿ ಸಂಜೆ ಏಳು ಅಂದರೆ ನಮಗೆ ಮರುದಿನ ಬೆಳಗ್ಗೆ 6:30. ಹಾಗಾಗಿ ಕಾಫಿ ಲೋಟದ ಜೊತೆಗೇ ಪಾಠ ಶುರುವಾಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬಂದ ಕನ್ನಡದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಅಪರಾಧ, ಊಟ, ಆರೋಗ್ಯ: ಈ ಮೂರನ್ನೇ ಯಾಕೆ ಒಟ್ಟಿಗೆ ಹಿಡಿದುಕೊಂಡಿರಿ?

ಪಠ್ಯಪುಸ್ತಕದಲ್ಲಿ ಇವು ಬೇರೆ ಬೇರೆ ಪಾಠ. ಊಟದ ಪದಗಳು ಶುರುವಿನಲ್ಲೇ ಬರುತ್ತವೆ. ಆರೋಗ್ಯ ಸ್ವಲ್ಪ ಆಮೇಲೆ. ಅಪರಾಧ ಇನ್ನೂ ಮೇಲಿನ ಹಂತದಲ್ಲಿ. ಆದರೆ ಬದುಕಿನಲ್ಲಿ ಈ ಮೂರೂ ಬೇಕಾಗುವುದು ಮನುಷ್ಯ ಗಾಬರಿಯಲ್ಲಿದ್ದಾಗ. ಪರ್ಸ್ ಹೋಗಿದೆ. ಮಗುವಿಗೆ ಜ್ವರ ಏರಿದೆ. ತಿಂದದ್ದು ಮೈಗೆ ಆಗಿಲ್ಲ. ಆ ಹೊತ್ತಿನಲ್ಲಿ ಯಾರೂ ನಿಘಂಟು ತೆಗೆಯುವುದಿಲ್ಲ. ತಾಯ್ನುಡಿಯ ಪದದ ಹಾಗೇ ಕೇಳಿಸುವ ಇಂಗ್ಲಿಷ್ ಪದ ತಾನಾಗಿ ಬಾಯಿಗೆ ಬರುತ್ತದೆ. ಅದು ಎಷ್ಟೋ ಸಲ ಸರಿ ಇರುತ್ತದೆ. ಕೆಲವು ಸಲ ಭಯಂಕರ ತಪ್ಪಾಗಿರುತ್ತದೆ.

1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನಡೆದದ್ದನ್ನು ನಾನು ಪ್ರತಿ ಹೊಸ ಶಿಕ್ಷಕರಿಗೂ ಹೇಳುತ್ತೇನೆ. 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಕ್ಯೂಬಾ ಮೂಲದವರು. ಅವರು 'ಇಂತೊಕ್ಸಿಕಾದೊ' ಎಂದರು. ತಿಂದದ್ದರಿಂದ ಹೀಗಾಗಿದೆ, ಏನೋ ವಿಷವಾಗಿದೆ ಎಂಬ ಅರ್ಥದಲ್ಲಿ. ಆಸ್ಪತ್ರೆಯವರ ಕಿವಿಗೆ ಬಿದ್ದದ್ದು 'ಇಂಟಾಕ್ಸಿಕೇಟೆಡ್'. ಮಾದಕವಸ್ತು ಜಾಸ್ತಿ ತೆಗೆದುಕೊಂಡಿದ್ದಾನೆ ಅಂದುಕೊಂಡು ಅದಕ್ಕೇ ಚಿಕಿತ್ಸೆ ಕೊಟ್ಟರು. ನಿಜಕ್ಕೂ ಅವನ ಮೆದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಅದು ಗೊತ್ತಾಗುವಷ್ಟರಲ್ಲಿ ತಡವಾಗಿ, ಎರಡೂ ಕೈ ಎರಡೂ ಕಾಲು ಸ್ವಾಧೀನ ಕಳೆದುಕೊಂಡವು. ಮುಂದೆ ಸುಮಾರು 7.1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಒಂದು ಪದ, ಎರಡು ಭಾಷೆ, ನಡುವೆ ದುಭಾಷಿ ಇಲ್ಲ.

ಅದಕ್ಕೇ ನಾನು ಪದಗಳನ್ನು ಪಠ್ಯದ ಕ್ರಮದಲ್ಲಿ ಕಲಿಸುವುದಿಲ್ಲ. ಯಾವ ಪದ ತಪ್ಪಿದರೆ ಜಾಸ್ತಿ ಪೆಟ್ಟು ಬೀಳುತ್ತದೋ ಅದೇ ಮೊದಲು.

ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಆದರೂ ಕಲಿಸಬಹುದಾ?

ಕಲಿಸಬಹುದು. ಆದರೆ ಒಂದು ಐವತ್ತು ಸ್ಪ್ಯಾನಿಷ್ ಪದ ಗೊತ್ತಿರಲೇಬೇಕು. ನೋಡಲು ಇಂಗ್ಲಿಷ್ ಪದದ ಹಾಗೇ ಇದ್ದು ಅರ್ಥ ಬೇರೆ ಇರುವ ಪದಗಳು ಅವು. ನಾನು ಅವನ್ನು ಹುಸಿ ನೆಂಟರು ಅನ್ನುತ್ತೇನೆ. ನಿಜವಾದ ನೆಂಟರು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದಾರೆ, ಅದನ್ನೂ ಮರೆಯಬೇಡಿ. ಆಸ್ಪತ್ರೆ, ಡಾಕ್ಟರ್, ಅಲರ್ಜಿ, ಆಪರೇಷನ್, ಇನ್‌ಫೆಕ್ಷನ್, ವಿಟಮಿನ್, ಚಾಕೊಲೇಟ್ ಎಲ್ಲವೂ ಅವರಿಗೆ ಆಗಲೇ ಪರಿಚಿತ. 'ಒಪೆರಸಿಯೋನ್' ಗೊತ್ತಿದ್ದವರಿಗೆ 'ಆಪರೇಷನ್' ಹೊಸದಲ್ಲ. ಮೊದಲ ತರಗತಿಯಲ್ಲೇ ಇದನ್ನು ತೋರಿಸಿ. ಧೈರ್ಯ ಬರುತ್ತದೆ.

ಇನ್ನೊಂದು ಮಾತು. ನಿಮ್ಮ ಕನ್ನಡ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಕಲಿಸಬೇಕಾದ ಪದ ಯಾವುದು?

ಒಂದು ಸಲ ಎಂಬ ಅರ್ಥದ 'ವನ್ಸ್'. ನನ್ನ ಮಟ್ಟಿಗೆ ಇದರಷ್ಟು ಅಪಾಯದ ಪದ ಇನ್ನೊಂದಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಬರೆಯುವ ನಾಲ್ಕು ಅಕ್ಷರಗಳನ್ನೇ ಸ್ಪ್ಯಾನಿಷಿನಲ್ಲಿ ಬರೆದರೆ 'ಒನ್ಸೆ', ಅಂದರೆ ಹನ್ನೊಂದು. ಮಾತ್ರೆ ಡಬ್ಬಿಯ ಮೇಲೆ 'ವನ್ಸ್ ಎ ಡೇ' ಎಂದು ಅಚ್ಚಾಗಿದೆ ಅಂದುಕೊಳ್ಳಿ. ಅರೆಬರೆ ಇಂಗ್ಲಿಷ್ ಬರುವ ಅಜ್ಜಿ ಅದನ್ನು ದಿನಕ್ಕೆ ಹನ್ನೊಂದು ಎಂದು ಓದಬಹುದು. ಬಿಪಿ ಮಾತ್ರೆಯೋ ಸಕ್ಕರೆ ಮಾತ್ರೆಯೋ ಆಗಿದ್ದರೆ ಗತಿ ಏನು? ಅಮೆರಿಕದ ಔಷಧ ಅಂಗಡಿಗಳ ಚೀಟಿಗಳ ಬಗ್ಗೆ ಬರೆದವರು ಈ ಅಪಾಯವನ್ನು ಎತ್ತಿ ತೋರಿಸಿದ್ದಾರೆ.

ಪಾಠದಲ್ಲಿ ನಾನು ನಿಜವಾದ ಮಾತ್ರೆ ಪಟ್ಟಿಯನ್ನೇ ಕ್ಯಾಮೆರಾ ಮುಂದೆ ಹಿಡಿಯುತ್ತೇನೆ. ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಕೈಯಲ್ಲಿ ತೋರಿಸುತ್ತೇನೆ. ನಮ್ಮ ಡಾಕ್ಟರು ಚೀಟಿಯಲ್ಲಿ 1-0-1 ಎಂದು ಬರೆಯುತ್ತಾರಲ್ವಾ, ಹಾಗೆ ಅಂಕಿಯಲ್ಲಿ ಬರೆಸಿಕೊಳ್ಳಲು ಹೇಳಿಕೊಡುತ್ತೇನೆ. ಅಂಕಿಗೆ ಭಾಷೆಯ ಗೊಂದಲ ಇಲ್ಲ.

ಜ್ವರದ ಅಂಕಿಯಲ್ಲಿ ಮಾತ್ರ ಎಚ್ಚರ ಬೇಕು. ಸ್ಪ್ಯಾನಿಷ್ ನಾಡುಗಳಲ್ಲಿ ಸೆಲ್ಸಿಯಸ್. ಅಮೆರಿಕದಲ್ಲಿ ಫ್ಯಾರನ್‌ಹೀಟ್. ನಮ್ಮ ಮನೆಗಳಲ್ಲೂ ಜ್ವರ 100, 102 ಎಂದೇ ಹೇಳುತ್ತೇವೆ. ಅವರ 38 ಅಂದರೆ 100.4. ಈ ಒಂದು ಜೋಡಿ ನೆನಪಿದ್ದರೆ ಸಾಕು.

ಡಾಕ್ಟರ ಹತ್ತಿರ ಜಾಸ್ತಿ ತಪ್ಪಾಗುವ ಪದಗಳು ಯಾವುವು?

'ಕೊನ್ಸ್ತಿಪಾದೊ' ಮೊದಲನೆಯದು. ಸ್ಪೇನ್‌ನಲ್ಲಿ ಇದರ ಅರ್ಥ ನೆಗಡಿ ಆಗಿದೆ ಎಂದು. ಇಂಗ್ಲಿಷಿನ 'ಕಾನ್‌ಸ್ಟಿಪೇಟೆಡ್' ಅಂದರೆ ಮಲಬದ್ಧತೆ. ಮೂಗು ಸೋರುತ್ತಿರುವ ಮನುಷ್ಯನಿಗೆ ಭೇದಿ ಮಾಡಿಸುವ ಔಷಧ ಸಿಕ್ಕರೆ ಕಷ್ಟ. ಮೆಕ್ಸಿಕೊ ಕಡೆಯವರಲ್ಲಿ ಇದೇ ಪದ ಮಲಬದ್ಧತೆಗೂ ಬಳಕೆಯಲ್ಲಿದೆ. ಹಾಗಾಗಿ ವಿದ್ಯಾರ್ಥಿ ಯಾವ ದೇಶದವರು ಎಂದು ಕೇಳಿಕೊಂಡೇ ಮುಂದೆ ಹೋಗಿ.

'ಎಂಬರಸಾದ' ಅಂದರೆ ಬಸುರಿ. 'ಎಂಬಾರಸ್ಡ್' ಅಂದರೆ ಮುಜುಗರಪಟ್ಟವರು. ಇದನ್ನು ಎಲ್ಲರೂ ತಮಾಷೆಗೆ ಹೇಳುತ್ತಾರೆ. ಆದರೆ ಎಕ್ಸ್‌ರೇ ತೆಗೆಯುವ ಮುಂಚೆ 'ನೀವು ಬಸುರಿಯಾ' ಎಂದು ಕೇಳುತ್ತಾರೆ. ಆಗ 'ಪ್ರೆಗ್ನೆಂಟ್' ಎಂಬ ಪದ ಗೊತ್ತಿರಲೇಬೇಕು. ನಾನು ಇದನ್ನು ಆ ಸಂದರ್ಭದಲ್ಲೇ ಇಟ್ಟು ಕಲಿಸುತ್ತೇನೆ, ನಗೆಹನಿಯಾಗಿ ಅಲ್ಲ.

'ಗ್ರೀಪೆ' ಅಂದರೆ ಫ್ಲೂ. ಅದೇ ಅಕ್ಷರಗಳ ಇಂಗ್ಲಿಷ್ ಪದ 'ಗ್ರೈಪ್' ಅಂದರೆ ಗೊಣಗಾಟ. 'ಸಾನೊ' ಅಂದರೆ ಆರೋಗ್ಯವಂತ. 'ಸೇನ್' ಅಂದರೆ ಬುದ್ಧಿ ಸ್ಥಿಮಿತದಲ್ಲಿರುವವ. 'ಸೆನ್ಸೀಬ್ಲೆ' ಅಂದರೆ ಸೂಕ್ಷ್ಮ, ಸೂಕ್ಷ್ಮ ಚರ್ಮ ಅನ್ನುತ್ತೇವಲ್ಲ ಹಾಗೆ. 'ಸೆನ್ಸಿಬಲ್' ಅಂದರೆ ವಿವೇಕಿ. 'ಪರಿಯೆಂತೆಸ್' ಅಂದರೆ ನೆಂಟರು, ಅಪ್ಪ ಅಮ್ಮ ಅಲ್ಲ. ಆಸ್ಪತ್ರೆಯ ಫಾರಂನಲ್ಲಿ 'ಪೇರೆಂಟ್ಸ್' ಎಂಬ ಜಾಗದಲ್ಲಿ ಚಿಕ್ಕಪ್ಪನ ಹೆಸರು ಬರೆದವರನ್ನು ನೋಡಿದ್ದೇನೆ.

ಇನ್ನು ಹೊಂದುವ ಜೋಡಿಯೂ ಉಂಟು. ಮೆಕ್ಸಿಕೊದಲ್ಲಿ ಜನ 'ನನಗೆ ಸಕ್ಕರೆ ಇದೆ' ಅನ್ನುತ್ತಾರೆ. ಡಯಾಬಿಟಿಸ್ ಎಂಬ ಅರ್ಥದಲ್ಲಿ. ನಮ್ಮೂರಲ್ಲೂ 'ಶುಗರ್ ಇದೆ' ಅಂತೀವಿ ಅಲ್ವಾ? ಆದರೆ ಇಂಗ್ಲಿಷ್ ಆಸ್ಪತ್ರೆಯಲ್ಲಿ 'ಡಯಾಬಿಟಿಸ್' ಎಂದೇ ಹೇಳಬೇಕು.

ರೆಸಿಪಿ, ರಿಸೀಟ್, ಪ್ರಿಸ್ಕ್ರಿಪ್ಷನ್: ಈ ಮೂರೂ ಯಾಕೆ ಕಲಸಿಹೋಗುತ್ತವೆ?

ಸ್ಪ್ಯಾನಿಷಿನ 'ರೆಸೇತ' ಒಂದೇ ಪದಕ್ಕೆ ಎರಡು ಕೆಲಸ. ಅಡುಗೆ ಮಾಡುವ ಕ್ರಮವೂ ಅದೇ, ಡಾಕ್ಟರು ಬರೆಯುವ ಔಷಧದ ಚೀಟಿಯೂ ಅದೇ. ದುಡ್ಡು ಕೊಟ್ಟ ಮೇಲೆ ಸಿಗುವ ರಸೀದಿಗೆ 'ರೆಸೀಬೊ'. ಹಾಗಾಗಿ ಔಷಧ ಅಂಗಡಿಯಲ್ಲಿ 'ನನ್ನ ಹತ್ತಿರ ರೆಸಿಪಿ ಇದೆ' ಅಂದುಬಿಡುತ್ತಾರೆ.

ಈ ಗೊಂದಲಕ್ಕೆ ಅವರು ಕಾರಣರಲ್ಲ. 'ರೆಸಿಪೆ' ಲ್ಯಾಟಿನ್ ಪದ, 'ತೆಗೆದುಕೋ' ಎಂದರ್ಥ. ಹಿಂದೆ ವೈದ್ಯರು ಔಷಧದ ಚೀಟಿಯನ್ನು ಅದೇ ಪದದಿಂದ ಶುರು ಮಾಡುತ್ತಿದ್ದರು. ಇವತ್ತಿಗೂ ಚೀಟಿಯ ಮೂಲೆಯಲ್ಲಿ ಕಾಲಿಗೆ ಅಡ್ಡಗೆರೆ ಎಳೆದ ಆರ್ ಅಕ್ಷರ ಇರುತ್ತದಲ್ಲ, ಅದು ಇದೇ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಅಡುಗೆಯ ಕ್ರಮವನ್ನು 'ರಿಸೀಟ್' ಎನ್ನುತ್ತಿದ್ದರು. ಈ ಕಥೆ ಹೇಳಿದ ಮೇಲೆ ಆ ಮೂರು ಪದಗಳನ್ನು ತಪ್ಪು ಮಾಡಿದವರು ನನ್ನ ತರಗತಿಯಲ್ಲಿ ಕಡಿಮೆ.

ನೋವಿಗೆ ಇಂಗ್ಲಿಷಿನಲ್ಲಿ ಇಷ್ಟೊಂದು ಪದ ಯಾಕೆ? ಹೇಗೆ ಬಿಡಿಸಿ ಹೇಳುವುದು?

ಸ್ಪ್ಯಾನಿಷಿನಲ್ಲಿ 'ದೊಲೋರ್' ಒಂದಿದ್ದರೆ ಸಾಕು. ಇಂಗ್ಲಿಷಿನಲ್ಲಿ ತಲೆ, ಹೊಟ್ಟೆ, ಹಲ್ಲು, ಕಿವಿಗೆ 'ಏಕ್'. ಗಂಟಲಿಗೆ 'ಸೋರ್'. ಎದೆಗೆ 'ಪೇನ್'. ಇದಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ. ಹಾಗೇ ಬಾಯಿಪಾಠ ಮಾಡಿಸಿ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಅವರು 'ಮೆ ದುಎಲೆ ಲ ಕಬೇಸ' ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ 'ನನಗೆ ನೋಯುತ್ತದೆ ತಲೆ'. ನಮ್ಮದೂ 'ನನಗೆ ತಲೆ ನೋಯುತ್ತಿದೆ' ತಾನೇ? ಎರಡರಲ್ಲೂ ನೋಯುವುದು ತಲೆ. ನನ್ನ ತಲೆ ಎಂದು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಇಂಗ್ಲಿಷಿಗೆ ಅದು ಸಾಲದು, 'ಮೈ ಹೆಡ್' ಎಂದೇ ಹೇಳಬೇಕು. 'ಇಟ್ ಹರ್ಟ್ಸ್ ಮಿ ದ ಹೆಡ್' ಎಂದು ಅವರು ಹೇಳಿದಾಗ ಅದು ಎಲ್ಲಿಂದ ಬಂತು ಎಂದು ನಿಮಗೆ ಕೂಡಲೇ ಗೊತ್ತಾಗುತ್ತದೆ. ಹಸಿವು, ಬಾಯಾರಿಕೆ, ಚಳಿ ಎಲ್ಲದರಲ್ಲೂ ಹೀಗೇ. ಅವರಿಗೆ ಹಸಿವು 'ಇರುತ್ತದೆ', ನಮಗೆ ಹಸಿವು 'ಆಗುತ್ತದೆ', ಇಂಗ್ಲಿಷಿನವರು ಮಾತ್ರ ತಾವೇ 'ಹಂಗ್ರಿ' ಆಗುತ್ತಾರೆ.

ಆರೋಗ್ಯದ ಪದ ಅಪರಾಧದ ಪದವಾಗಿ ಕೇಳಿಸುವುದುಂಟಾ?

ಉಂಟು. ಇಂಜೆಕ್ಷನ್‌ಗೆ ಅಮೆರಿಕದವರು 'ಶಾಟ್' ಅನ್ನುತ್ತಾರೆ. 'ಐ ಗಾಟ್ ಎ ಶಾಟ್' ಅಂದರೆ ಇಂಜೆಕ್ಷನ್ ಹಾಕಿಸಿಕೊಂಡೆ. ನಡುವಿನ 'ಎ' ಬಿಟ್ಟರೆ 'ಐ ಗಾಟ್ ಶಾಟ್', ನನಗೆ ಗುಂಡು ಬಿತ್ತು! ಒಂದಕ್ಷರದ ಆ ಪದವನ್ನು ಸುಮ್ನೆ ಬಿಡುವ ಅಭ್ಯಾಸ ಕನ್ನಡದವರಿಗೂ ಇದೆ. ಕಲಿಸುವಾಗ ನಾವೂ ನಿಧಾನವಾಗಿ ಹೇಳಬೇಕು.

'ಇನ್‌ಹೂರಿಯ' ಇನ್ನೊಂದು. ಸ್ಪೇನ್‌ನಲ್ಲಿ ಅದು ಮಾನಕ್ಕೆ ಕುಂದು ತರುವ ಬೈಗುಳ, ಕಾನೂನಿನಲ್ಲಿ ಅದೊಂದು ಅಪರಾಧ. ಇಂಗ್ಲಿಷಿನ 'ಇಂಜುರಿ' ಮೈಗೆ ಆದ ಗಾಯ. 'ಕಸುಅಲಿದಾದ್' ಅಂದರೆ ಆಕಸ್ಮಿಕ. ಇಂಗ್ಲಿಷಿನ 'ಕ್ಯಾಶುಯಲ್ಟಿ' ಅಂದರೆ ಸತ್ತವರು, ಗಾಯಗೊಂಡವರು. ನಮ್ಮ ದೊಡ್ಡಾಸ್ಪತ್ರೆಗಳ ತುರ್ತು ವಿಭಾಗಕ್ಕೂ ಅದೇ ಹೆಸರು. ಅಮೆರಿಕದಲ್ಲಿ ಆ ವಿಭಾಗಕ್ಕೆ 'ಎಮರ್ಜೆನ್ಸಿ ರೂಮ್', ಬ್ರಿಟನ್‌ನಲ್ಲಿ 'ಎ ಅಂಡ್ ಇ'.

ಕಳ್ಳತನಕ್ಕೆ ಸ್ಟೀಲ್, ರಾಬ್, ಬರ್ಗ್ಲರಿ. ವ್ಯತ್ಯಾಸ ಹೇಳಿಕೊಡುವುದೇ ಕಷ್ಟ ಆಗಿದೆ.

ಕಷ್ಟ ಯಾಕೆಂದರೆ 'ರೋಬಾರ್' ಒಂದೇ ಕ್ರಿಯಾಪದ ಅವರ ಆಡುಮಾತಿನಲ್ಲಿ ಎಲ್ಲಕ್ಕೂ ಸಾಕು. ಆದರೆ ಕನ್ನಡದಲ್ಲಿ ಈ ಭೇದ ಬಹಳ ಸ್ಪಷ್ಟ. ಕದಿಯುವುದು ವಸ್ತುವನ್ನು: ಫೋನ್ ಕದ್ದರು. ದೋಚುವುದು ಹೆಚ್ಚಾಗಿ ಮನುಷ್ಯನನ್ನು ಅಥವಾ ಜಾಗವನ್ನು: ಬ್ಯಾಂಕ್ ದೋಚಿದರು, ದಾರಿಹೋಕರನ್ನು ದೋಚಿದರು. ಕನ್ನ ಹಾಕುವುದು ಮನೆಗೆ. ಈ ಮೂರನ್ನು ಸಾಲಾಗಿ ಇಟ್ಟರೆ 'ಸ್ಟೀಲ್', 'ರಾಬ್', 'ಬರ್ಗಲ್' ತಾವಾಗೇ ಜಾಗಕ್ಕೆ ಕೂರುತ್ತವೆ. ಕನ್ನಡದಲ್ಲಿ 'ಹಣ ದೋಚಿದರು' ಎಂದೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಹಣವನ್ನು 'ರಾಬ್' ಮಾಡುವಂತಿಲ್ಲ. ಅಷ್ಟು ನೆನಪಿಡಿ.

ಅವರ ಕಾನೂನಿನ ಭಾಷೆಯಲ್ಲಿ ಮಾತ್ರ ಭೇದ ಇದೆ. ಸ್ಪೇನ್‌ನಲ್ಲಿ ಬಲ ಬಳಸದೆ, ಬೆದರಿಸದೆ ಎತ್ತಿಕೊಂಡು ಹೋದರೆ 'ಉರ್ತೊ'. ಬೀಗ ಒಡೆದರೆ ಅಥವಾ ಮನುಷ್ಯರ ಮೇಲೆ ಕೈ ಮಾಡಿದರೆ 'ರೋಬೊ'. ಉರ್ತೊ ಆದ ವಸ್ತುವಿನ ಬೆಲೆ 400 ಯೂರೊ ದಾಟಿಲ್ಲ ಎಂದರೆ ಸಾಮಾನ್ಯವಾಗಿ ಸಣ್ಣ ಅಪರಾಧ. ಬಾರ್ಸಿಲೋನಾದಲ್ಲಿ ಜೇಬುಗಳ್ಳರ ಕಾಟ ಪ್ರಸಿದ್ಧ. ಅಲ್ಲಿಯ ವಿದ್ಯಾರ್ಥಿಗೆ 'ಪಿಕ್‌ಪಾಕೆಟ್' ಮೊದಲು ಕಲಿಸಿದರೆ ಕೂಡಲೇ ಮನಸ್ಸಿಗೆ ಹತ್ತುತ್ತದೆ. ಚಾಕು ತೋರಿಸಿ ಕಿತ್ತುಕೊಂಡರೆ 'ಮಗ್ಗಿಂಗ್', ಅಂಗಡಿಯಿಂದ ಕದ್ದರೆ 'ಶಾಪ್‌ಲಿಫ್ಟಿಂಗ್'. ಇಂಗ್ಲೆಂಡಿನಲ್ಲಿ ಥೆಫ್ಟ್, ರಾಬರಿ, ಬರ್ಗ್ಲರಿ ಮೂರನ್ನೂ ಬೇರೆ ಬೇರೆಯಾಗಿ ಹೇಳಿರುವುದು 1968ರ ಥೆಫ್ಟ್ ಆಕ್ಟ್. ಮೇಲಿನ ಹಂತದವರ ಜೊತೆ ಇದನ್ನು ಚರ್ಚಿಸಬಹುದು.

ನಾನು ಬಹಳ ತಡವಾಗಿ ಗಮನಿಸಿದ ಒಂದು ಸಂಗತಿ ಹೇಳುತ್ತೇನೆ. ಅವರು 'ಮೆ ರೋಬಾರೊನ್' ಅನ್ನುತ್ತಾರೆ, ಅಂದರೆ 'ನನ್ನದನ್ನು ಕದ್ದುಬಿಟ್ಟರು'. ಯಾರು ಕದ್ದರು? ಗೊತ್ತಿಲ್ಲ. ಒಬ್ಬನೇ ಇರಬಹುದು. ಆದರೂ ಬಹುವಚನ. ಕನ್ನಡದಲ್ಲೂ ಹಾಗೇ ತಾನೇ? 'ಬಸ್ಸಲ್ಲಿ ಪರ್ಸ್ ಹೊಡೆದುಬಿಟ್ರು' ಅನ್ನುವಾಗ ಎಷ್ಟು ಜನ ಎಂದು ನಾವು ಯೋಚಿಸುವುದಿಲ್ಲ. ಇದನ್ನೇ ಇಂಗ್ಲಿಷಿಗೆ ತಂದು 'ದೇ ರಾಬ್ಡ್ ಮಿ' ಅಂದರೆ, ಬರೆದುಕೊಳ್ಳುತ್ತಿರುವ ಪೊಲೀಸರು 'ಎಷ್ಟು ಜನ ಇದ್ದರು? ಹೇಗಿದ್ದರು?' ಎಂದು ಕೇಳುತ್ತಾರೆ. ಪಾಪ, ಇವರು ಯಾರನ್ನೂ ನೋಡೇ ಇಲ್ಲ. ಹೇಳಬೇಕಾದದ್ದು 'ಮೈ ಫೋನ್ ವಾಸ್ ಸ್ಟೋಲನ್'. ಕರ್ಮಣಿ ಪ್ರಯೋಗದ ಪಾಠಕ್ಕೆ ಇದಕ್ಕಿಂತ ಒಳ್ಳೆ ಕಾರಣ ನನಗೆ ಸಿಕ್ಕಿಲ್ಲ.

ಪೊಲೀಸ್ ಠಾಣೆಯ ಇಂಗ್ಲಿಷ್ ನಮಗೆ ಗೊತ್ತಿರುವುದನ್ನೇ ಕಲಿಸಿದರೆ ಆಗುತ್ತಾ?

ಪೂರ್ತಿ ಆಗುವುದಿಲ್ಲ. ನಾವು 'ಕಂಪ್ಲೇಂಟ್ ಕೊಟ್ಟೆ' ಅನ್ನುತ್ತೇವೆ. ಎಫ್‌ಐಆರ್ ಅನ್ನುತ್ತೇವೆ. ಲಂಡನ್‌ನಲ್ಲಿ ಪೊಲೀಸರ ಹತ್ತಿರ 'ಕಂಪ್ಲೇಂಟ್' ಕೊಡಬೇಕು ಅಂದರೆ ಪೊಲೀಸರ ಮೇಲೇ ದೂರು ಎಂದು ತಿಳಿದುಕೊಳ್ಳಬಹುದು. ಅಲ್ಲಿ 'ರಿಪೋರ್ಟ್ ಎ ಕ್ರೈಮ್' ಎನ್ನಬೇಕು. ವಿದ್ಯಾರ್ಥಿಯ ಬಾಯಲ್ಲಿ ಇರುವುದು 'ದೆನುನ್ಸಿಯ'. ಅವರು 'ಡಿನೌನ್ಸ್' ಅಂದುಬಿಡುತ್ತಾರೆ. ಅದು ಬಹಿರಂಗವಾಗಿ ಖಂಡಿಸುವುದು. ಹೀಗೆ ಶಿಕ್ಷಕರದೊಂದು ತಪ್ಪು, ವಿದ್ಯಾರ್ಥಿಯದೊಂದು ತಪ್ಪು ಸೇರುತ್ತವೆ.

'ಡಕಾಯಿಟಿ' ನಮ್ಮ ಕಾನೂನಿನ ಪದ, ಐದು ಅಥವಾ ಹೆಚ್ಚು ಜನ ಸೇರಿ ಮಾಡಿದ ದರೋಡೆಗೆ. 'ಹಿಸ್ಟರಿ ಶೀಟರ್', 'ಈವ್ ಟೀಸಿಂಗ್' ನಮ್ಮ ಪತ್ರಿಕೆಗಳ ಪದಗಳು. ಇವನ್ನು ಸ್ಪೇನ್‌ನ ವಿದ್ಯಾರ್ಥಿಗೆ ಕಲಿಸಬೇಡಿ. 'ಪೊಲೀಸ್' ಪದ ಇಂಗ್ಲಿಷಿನಲ್ಲಿ ಬಹುವಚನ: 'ದ ಪೊಲೀಸ್ ಆರ್'. ಸ್ಪ್ಯಾನಿಷಿನಲ್ಲಿ ಏಕವಚನ. 'ಎವಿಡೆನ್ಸ್'ಗೆ ಬಹುವಚನವೇ ಇಲ್ಲ. ಇದನ್ನು ತಪ್ಪುವುದರಲ್ಲಿ ಅವರೂ ನಾವೂ ಸಮ.

ತುರ್ತು ಕರೆಯ ಸಂಖ್ಯೆ ಕಲಿಸಲು ಮರೆಯಬೇಡಿ. ಸ್ಪೇನ್ ಸೇರಿ ಯುರೋಪ್ ಒಕ್ಕೂಟದಲ್ಲೆಲ್ಲ 112. ನಮ್ಮಲ್ಲೂ 112. ಅಮೆರಿಕ, ಮೆಕ್ಸಿಕೊದಲ್ಲಿ 911. ಬ್ರಿಟನ್‌ನಲ್ಲಿ 999.

'ಮೊಲೆಸ್ಟ್' ಪದದ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಏನದು?

'ಮೊಲೆಸ್ತಾರ್' ಅಂದರೆ ಕಿರಿಕಿರಿ ಮಾಡು, ತೊಂದರೆ ಕೊಡು. ದಿನಾ ಬಳಸುವ ಸಾಧಾರಣ ಪದ. ಇಂಗ್ಲಿಷಿನ 'ಮೊಲೆಸ್ಟ್' ಲೈಂಗಿಕ ದೌರ್ಜನ್ಯ. 'ಪಕ್ಕದ ಮನೆಯವರು ನನ್ನ ಮಗನಿಗೆ ತೊಂದರೆ ಕೊಡುತ್ತಾರೆ' ಎಂದು ಹೇಳಲು ಹೋಗಿ ಈ ಪದ ಬಳಸಿದರೆ ಒಬ್ಬ ನಿರಪರಾಧಿಯ ಬದುಕು ಹಾಳಾಗಬಹುದು. 'ಬಾದರ್' ಅಥವಾ 'ಡಿಸ್ಟರ್ಬ್' ಕಲಿಸಿ. ಮೊದಲ ವಾರದಲ್ಲೇ ಕಲಿಸಿ. ಮಕ್ಕಳ ತರಗತಿಯಾದರೆ 'ಬಾದರ್' ಒಂದನ್ನೇ ಕಲಿಸಿ, 'ಮೊಲೆಸ್ಟ್' ಪದದ ಅರ್ಥ ಅವರ ಪೋಷಕರಿಗೆ ಹೇಳಿ.

ಕೋರ್ಟಿನ ಪದಗಳು ಎಷ್ಟು ಬೇಕು?

ಹೆಚ್ಚೇನೂ ಬೇಡ, ಅವರು ವಕೀಲರಲ್ಲದಿದ್ದರೆ. 'ಸೆಂತೆನ್ಸಿಯ' ಒಂದು ಗೊತ್ತಿರಲಿ. ಅದು ತೀರ್ಪು, ಬಿಡುಗಡೆಯ ತೀರ್ಪೂ ಆಗಬಹುದು. ಇಂಗ್ಲಿಷಿನ 'ಸೆಂಟೆನ್ಸ್' ಶಿಕ್ಷೆ ಮಾತ್ರ. 'ಅಸೆಸೀನೊ' ಯಾವುದೇ ಕೊಲೆಗಾರ. 'ಅಸಾಸಿನ್' ಗಣ್ಯರನ್ನು ಕೊಂದವನು. 'ಕ್ರೀಮೆನ್' ಅವರ ಕಿವಿಗೆ ಕೊಲೆಯಂಥ ಘೋರ ಕೃತ್ಯ. ಇಂಗ್ಲಿಷಿನ 'ಕ್ರೈಮ್' ಒಳಗೆ ಅಂಗಡಿಯಿಂದ ಚಾಕೊಲೇಟ್ ಕದ್ದದ್ದೂ ಸೇರುತ್ತದೆ.

ಊಟದ ಪದಗಳಲ್ಲಿ ಏನು ಕಷ್ಟ? ಅದು ಸುಲಭ ಅಲ್ವಾ?

ಸುಲಭ ಅನ್ನಿಸುವುದರಿಂದಲೇ ಯಾರೂ ಗಮನ ಕೊಡುವುದಿಲ್ಲ. 'ಹಾಟ್' ತೆಗೆದುಕೊಳ್ಳಿ. ಸ್ಪ್ಯಾನಿಷಿನಲ್ಲಿ ಬಿಸಿಗೆ 'ಕಲಿಯೆಂತೆ', ಖಾರಕ್ಕೆ 'ಪಿಕಾಂತೆ'. ಕನ್ನಡದ ಹಾಗೇ ಎರಡು ಪದ. ಇಂಗ್ಲಿಷಿನಲ್ಲಿ ಎರಡಕ್ಕೂ 'ಹಾಟ್'. ಸಾರು ಬಿಸಿಯೋ ಖಾರವೋ ಎಂದು ಹೊಟ್ಟೆಹುಣ್ಣು ಇರುವವರು ಕೇಳುವುದು ಹೇಗೆ? 'ಸ್ಪೈಸಿ' ಎಂದು ಬಿಡಿಸಿ ಕೇಳಲು ಕಲಿಸಿ.

ನನಗೆ ತುಂಬಾ ಇಷ್ಟವಾದದ್ದು 'ಪೆಪ್ಪರ್' ಕಥೆ. ಕಾಳುಮೆಣಸಿಗೆ ಸ್ಪ್ಯಾನಿಷಿನಲ್ಲಿ 'ಪಿಮಿಯೆಂತ'. ಕೊಲಂಬಸ್ ಕಾಲದಲ್ಲಿ ಅಮೆರಿಕದಲ್ಲಿ ಅವರಿಗೆ ಮೆಣಸಿನಕಾಯಿ ಸಿಕ್ಕಿತು. ಖಾರ ಇದೆಯಲ್ಲ ಎಂದು ಅದೇ ಹೆಸರನ್ನು ಸ್ವಲ್ಪ ತಿರುಗಿಸಿ 'ಪಿಮಿಯೆಂತೊ' ಮಾಡಿದರು. ಇಂಗ್ಲಿಷಿನವರು ಎರಡಕ್ಕೂ 'ಪೆಪ್ಪರ್' ಎಂದರು. ಆ ಕಾಯಿ ಪೋರ್ಚುಗೀಸರ ಮೂಲಕ ನಮ್ಮ ಕಡೆಗೂ ಬಂತು. ನಾವು ಏನು ಮಾಡಿದೆವು? ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದು ಕರೆದೆವು. ಹಳೆಯದನ್ನು ಗುರುತಿಸಲು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂದು ಹೇಳಬೇಕಾಯಿತು. ಸ್ಪೇನ್‌ನವರೂ ಮಲೆನಾಡಿನವರೂ ಒಬ್ಬರನ್ನೊಬ್ಬರು ಕೇಳದೇ ಒಂದೇ ಥರ ಯೋಚಿಸಿದ್ದಾರೆ. ಇದನ್ನು ಹೇಳಿದಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ನೋಡಬೇಕು.

ಮೆಕ್ಸಿಕೊದವರಿಗೆ ಇನ್ನೊಂದು ಖುಷಿಯ ವಿಷಯ ಹೇಳಿ. ಟೊಮೇಟೊ, ಚಿಲ್ಲಿ, ಅವಕಾಡೊ ಇಂಗ್ಲಿಷಿಗೆ ಬಂದದ್ದು ಅವರ ನೆಲದ ನಾವಾಟ್ಲ್ ಭಾಷೆಯಿಂದ, ಸ್ಪ್ಯಾನಿಷ್ ಮೂಲಕ. ನಾವು ಬೆಣ್ಣೆಹಣ್ಣು ಅನ್ನುವುದು ಅವರ 'ಅಗುಅಕಾತೆ'.

ನಮ್ಮ ಬ್ರಿಂಜಾಲ್, ಕರ್ಡ್, ಮಟನ್ ಹೇಳಿಕೊಡಬಹುದಾ?

ಬೇಡ. 'ಬ್ರಿಂಜಾಲ್' ಅಂದರೆ ಸ್ಪ್ಯಾನಿಷ್ ವಿದ್ಯಾರ್ಥಿಗೆ ಕೂಡಲೇ ಹೊಳೆಯುತ್ತದೆ, ಯಾಕೆಂದರೆ ಅವರ 'ಬೆರೆನ್‌ಹೇನ' ಅದರ ದಾಯಾದಿ. ಆದರೆ ನ್ಯೂಯಾರ್ಕಿನ ಅಂಗಡಿಯವನಿಗೆ ತಿಳಿಯುವುದಿಲ್ಲ. ಅಮೆರಿಕದಲ್ಲಿ 'ಎಗ್‌ಪ್ಲಾಂಟ್', ಬ್ರಿಟನ್‌ನಲ್ಲಿ 'ಓಬರ್‌ಜೀನ್'. 'ಕರ್ಡ್' ಅಂದರೆ ಅವರಿಗೆ ನೆನಪಾಗುವುದು 'ಕುಅಹಾದ', ಹೆಪ್ಪುಗಟ್ಟಿಸಿದ ಹಾಲಿನ ಸಿಹಿ. ಮೊಸರಿಗೆ 'ಯೋಗರ್ಟ್' ಎನ್ನಿ. 'ಮಟನ್' ನಮ್ಮಲ್ಲಿ ಬಹುತೇಕ ಮೇಕೆ, ಅಲ್ಲಿ ಕುರಿ. ಬೆಂಡೆಕಾಯಿಗೆ 'ಓಕ್ರ'. 'ಚಿಪ್ಸ್' ಬ್ರಿಟನ್‌ನಲ್ಲಿ ಬಿಸಿ ಆಲೂ ಕಡ್ಡಿ, ಅಮೆರಿಕದಲ್ಲಿ ನಮ್ಮ ಹಾಟ್ ಚಿಪ್ಸ್ ಅಂಗಡಿಯ ಚಿಪ್ಸ್.

'ಪ್ರಿಸರ್ವೇಟಿವ್' ಪದಕ್ಕೆ ವಿದ್ಯಾರ್ಥಿಗಳು ಯಾಕೆ ಮುಖ ಕೆಂಪು ಮಾಡುತ್ತಾರೆ?

'ಪ್ರೆಸೆರ್ಬತೀಬೊ' ಅಂದರೆ ಕಾಂಡೋಮ್. ಆಹಾರ ಕೆಡದಂತೆ ಹಾಕುವುದಕ್ಕೆ 'ಕೊನ್ಸೆರ್ಬಾಂತೆ'. ಸುಮ್ನೆ ವಿವರಿಸಿ ಮುಂದೆ ಹೋಗಿ. 'ಸೋಪ' ಅವರಿಗೆ ಕುಡಿಯುವ ಸೂಪ್, ಕೈ ತೊಳೆಯುವ ಸೋಪು ಅಲ್ಲ. ಸೋಪಿಗೆ 'ಹಬೋನ್', ನಮ್ಮ ಸಾಬೂನಿನ ದೂರದ ನೆಂಟ. 'ಕಿಚನ್' ಮತ್ತು 'ಚಿಕನ್' ಅದಲುಬದಲು ಮಾಡುತ್ತಾರೆ, ಅಭ್ಯಾಸದಿಂದ ಸರಿಹೋಗುತ್ತದೆ.

ಸಸ್ಯಾಹಾರಿ ಎಂದು ಹೇಳುವುದರಲ್ಲಿ ಗೊಂದಲ ಇದೆಯಾ?

ಇದೆ. ಮೆಕ್ಸಿಕೊ, ಸ್ಪೇನ್‌ಗೆ ಹೋಗುವ ನಮ್ಮವರಿಗೂ ಇದು ಬೇಕಾಗುತ್ತದೆ. 'ಕಾರ್ನೆ' ಅಂದರೆ ಮಾಂಸ, ಆದರೆ ಎಷ್ಟೋ ಕಡೆ ಮನಸ್ಸಿಗೆ ಬರುವುದು ಹೆಚ್ಚಾಗಿ ದನದ ಮಾಂಸ. 'ಕಾರ್ನೆ ಬೇಡ' ಅಂದರೆ ಕೋಳಿಯೋ ಹ್ಯಾಮ್ ಚೂರೋ ಬರಬಹುದು. ಅದೇ ಊಹೆಯನ್ನು ಅವರು 'ಮೀಟ್' ಪದಕ್ಕೂ ತರುತ್ತಾರೆ. ಹಾಗಾಗಿ ಕೋಳಿ, ಮೀನು, ಹ್ಯಾಮ್ ಎಂದು ಬಿಡಿಬಿಡಿಯಾಗಿ ಹೇಳುವ ಅಭ್ಯಾಸ ಮಾಡಿಸಿ. ಮೀನಿಗೆ ಅವರಲ್ಲಿ ಎರಡು ಪದ. ನೀರಿನಲ್ಲಿದ್ದರೆ 'ಪೆಸ್', ತಟ್ಟೆಗೆ ಬಂದರೆ 'ಪೆಸ್ಕಾದೊ'.

ಉಚ್ಚಾರಣೆ?

ಸ್ಪ್ಯಾನಿಷಿನಲ್ಲಿ ಐದೇ ಸ್ವರ. ಹ್ರಸ್ವ ದೀರ್ಘ ಇಲ್ಲ. 'ಪಿಲ್' ಮತ್ತು 'ಪೀಲ್' ಒಂದೇ ಥರ ಕೇಳಿಸುತ್ತವೆ, 'ಸಿಕ್' ಮತ್ತು 'ಸೀಕ್' ಕೂಡ. ನಮಗೆ ಇ, ಈ ಹುಟ್ಟಿನಿಂದ ಬಂದದ್ದು. ನಿಮ್ಮ ಕಿವಿಯನ್ನು ನಂಬಿ. ಬೆರಳಿನಲ್ಲಿ ಉದ್ದ ತೋರಿಸುತ್ತಾ ಹೇಳಿಸಿ.

'ಸ್ಟಮಕ್' ಅನ್ನುವುದು 'ಎಸ್ಟಮಕ್' ಆಗುತ್ತದೆ, 'ಸ್ಪೂನ್' 'ಎಸ್ಪೂನ್' ಆಗುತ್ತದೆ. ನಮ್ಮ ಹಿರಿಯರು ಇಸ್ಕೂಲು, ಇಸ್ಪೀಟು ಅನ್ನುವುದಿಲ್ವಾ? ಅದೇ. ಮೊದಲು 'ಸ್ಸ್ಸ್' ಎಂದು ಹಾವಿನ ಹಾಗೆ ಎಳೆಸಿ, ಆಮೇಲೆ 'ಟಮಕ್' ಸೇರಿಸಿ. ಬ ಮತ್ತು ವ ಅವರಿಗೆ ಒಂದೇ, 'ವಾಮಿಟ್' 'ಬಾಮಿಟ್' ಆಗುತ್ತದೆ. 'ಜ್ಯೂಸ್' ಕೆಲವರ ಬಾಯಲ್ಲಿ 'ಯೂಸ್'. ಕನ್ನಡದವರಾದ ನಾವು ಒಂದರಲ್ಲಿ ಎಚ್ಚರ ಇರಬೇಕು. ಇಂಗ್ಲಿಷಿನ ಎರಡು ಬಗೆಯ ವ ನಮ್ಮಲ್ಲಿ ಒಂದೇ. 'ವೈನ್' ಹೇಳುವಾಗ ತುಟಿ ದುಂಡಗೆ ಮಾಡಿ, ದ್ರಾಕ್ಷಿ ಬಳ್ಳಿ ಎಂಬ ಅರ್ಥದ ಇನ್ನೊಂದು 'ವೈನ್'ಗೆ ಮಾತ್ರ ಹಲ್ಲು ತುಟಿಗೆ ತಾಗಲಿ.

ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಸಾಲದಾ?

ನಾನು ಮೊದಲು ಹಾಗೇ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಅಂಕ ಬರುತ್ತಿತ್ತು. ಆದರೆ ಒಬ್ಬ ವಿದ್ಯಾರ್ಥಿನಿ ವ್ಯಾಲೆನ್ಸಿಯಾದಿಂದ ಲಂಡನ್‌ಗೆ ಹೋದಾಗ ಬ್ಯಾಗ್ ಕಳೆದುಕೊಂಡರು. ಠಾಣೆಯಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲವಂತೆ. ಪಟ್ಟಿಯಲ್ಲಿ ಐವತ್ತು ಪದ ಕಲಿತಿದ್ದರು. ಆಮೇಲಿಂದ ನಾನು ಪಟ್ಟಿ ಬಿಟ್ಟೆ. ಈಗ ನಾನು ಪೊಲೀಸ್, ಅವರು ದೂರು ಕೊಡುವವರು. ನಾನು ಬೇಕೆಂದೇ ಬೇಗ ಬೇಗ ಮಾತಾಡುತ್ತೇನೆ. 'ನಿಧಾನವಾಗಿ ಹೇಳಿ' ಎಂದು ಅವರು ನನ್ನನ್ನು ತಡೆಯಬೇಕು. ಒಂದು ಪಾಠಕ್ಕೆ ಎಂಟು ಹತ್ತು ಪದ ಸಾಕು.

ಒಂದೇ ಒಂದು ಗಂಟೆ ಸಿಕ್ಕರೆ ಏನು ಕಲಿಸುತ್ತೀರಿ?

ಇದು ನಿಜವಾಗಿಯೂ ಬಂದ ಪ್ರಶ್ನೆ. ಕೊಲಂಬಿಯಾದ ತಾಯಿಯೊಬ್ಬರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದರು. ನಮ್ಮ ಅಮ್ಮಂದಿರು ಹೋಗುವ ಹಾಗೇ. ಇಂಗ್ಲಿಷ್ ಹೆಚ್ಚುಕಮ್ಮಿ ಏನೂ ಇರಲಿಲ್ಲ. ಅವರಿಗೆ ಆರು ವಾಕ್ಯ ಹೇಳಿಕೊಟ್ಟೆ. ನನ್ನ ಎದೆ ನೋಯುತ್ತಿದೆ. ನನಗೆ ಪೆನಿಸಿಲಿನ್ ಆಗುವುದಿಲ್ಲ. ಇದನ್ನು ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳಬೇಕು, ಅಂಕಿಯಲ್ಲಿ ಬರೆದುಕೊಡಿ. ನನ್ನ ಬ್ಯಾಗ್ ಕಳುವಾಗಿದೆ. ಇದು ನನ್ನ ಮಗಳ ವಿಳಾಸ.

ಆರನೆಯದನ್ನೇ ಅರ್ಧ ಗಂಟೆ ಹೇಳಿಸಿದೆ: 'ಐ ನೀಡ್ ಎ ಸ್ಪ್ಯಾನಿಷ್ ಇಂಟರ್‌ಪ್ರಿಟರ್.' ಅಮೆರಿಕ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಪುಕ್ಕಟೆಯಾಗಿ ಒದಗಿಸಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. 'ಸ್ಪ್ಯಾನಿಷ್' ಅನ್ನುವಾಗ ಅವರಿಗೆ ಪ್ರತಿ ಸಲ ಮುಂದೆ ಒಂದು 'ಎ' ಸೇರುತ್ತಿತ್ತು. ನಾನು ಅದನ್ನು ತಿದ್ದಲಿಲ್ಲ. 'ಎಸ್ಪ್ಯಾನಿಷ್' ಅಂದರೂ ಎಲ್ಲರಿಗೂ ಅರ್ಥವಾಗುತ್ತದೆ.